ಹಾಳೆಯ ಅಂಚಿನಲ್ಲಿ ಡ್ಯೂರರ್ ಬರೆದದ್ದು

ಬರ್ಲಿನ್ ನಗರದ ರೇಖಾಚಿತ್ರ ಸಂಗ್ರಹಾಲಯದಲ್ಲಿರುವ ಒಂದು ಹಾಳೆ ಬಹಳ ಕಾಲದಿಂದ ನನ್ನ ಮನಸ್ಸನ್ನು ಕೊರೆಯುತ್ತಿದೆ. 42 ಸೆಂಟಿಮೀಟರ್ ಎತ್ತರ, 30 ಸೆಂಟಿಮೀಟರ್ ಅಗಲದ ಆ ಕಾಗದದ ಮೇಲೆ ಜರ್ಮನಿಯ ನ್ಯೂರೆಂಬರ್ಗಿನ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ತನ್ನ ತಾಯಿ ಬಾರ್ಬರಾಳ ಮುಖವನ್ನು ಇದ್ದಿಲಿನಲ್ಲಿ ಬರೆದಿದ್ದಾನೆ. ತಲೆಗೆ ಬಿಗಿದ ಬಟ್ಟೆಯ ಕೆಳಗೆ ಹಣೆ ಸುಕ್ಕುಗಟ್ಟಿದೆ, ಕೆನ್ನೆಗಳು ಒಳಕ್ಕೆ ಹೋಗಿವೆ, ಕತ್ತಿನ ನರಗಳು ಎದ್ದು ಕಾಣುತ್ತವೆ, ಕಣ್ಣುಗುಡ್ಡೆಗಳು ಉಬ್ಬಿ ಎರಡೂ ಒಂದೇ ಕಡೆ ನೋಡುತ್ತಿಲ್ಲ. ಮಗನಾದವನು ಮೃದುಗೊಳಿಸಬಹುದಾಗಿದ್ದ ಯಾವುದನ್ನೂ ಅವನು ಮೃದುಗೊಳಿಸಿಲ್ಲ. ಮೇಲೆ ಅದೇ ಇದ್ದಿಲಿನಲ್ಲಿ, 1514ರ ಮಾರ್ಚ್ ತಿಂಗಳ ಒಂದು ಭಾನುವಾರದ ಹಬ್ಬದ ಹೆಸರು ಹೇಳಿ, ಇದು ಆಲ್ಬ್ರೆಕ್ಟ್ ಡ್ಯೂರರನ ತಾಯಿ, ಆಗ ಆಕೆಗೆ 63 ವರ್ಷ ಎಂದು ಬರೆದಿದ್ದಾನೆ. ಅದರ ಕೆಳಗೆ, ಈ ಸಲ ಶಾಯಿಯಲ್ಲಿ, ಇನ್ನೊಂದು ಮಾತು ಸೇರಿದೆ: ಅದೇ ವರ್ಷ ಮೇ ತಿಂಗಳ ಒಂದು ಮಂಗಳವಾರ, ರಾತ್ರಿಯಾಗಲು ಎರಡು ಗಂಟೆ ಇರುವಾಗ ಆಕೆ ತೀರಿಕೊಂಡಳು.

ಚಿತ್ರ ಮಾರ್ಚ್ ತಿಂಗಳಲ್ಲೇ ಮುಗಿದಿತ್ತು. ಅದಕ್ಕೆ ಒಂದು ಗೆರೆಯನ್ನೂ ಸೇರಿಸಬೇಕಾಗಿರಲಿಲ್ಲ. ಆದರೂ ತಾಯಿ ಹೋದ ಮೇಲೆ ಅವನು ಆ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡು, ಮುಖದ ಪಕ್ಕದಲ್ಲಿ ಸಾವಿನ ವಾರವನ್ನೂ ಹೊತ್ತನ್ನೂ ಬರೆದಿಟ್ಟ. ಯಾಕೆ ಬರೆದ ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ಅವನ ಉಳಿದ ಹಾಳೆಗಳನ್ನು ನೋಡುತ್ತಾ ಹೋದಂತೆ, ಅವನ ಭಾವಚಿತ್ರ, ನಿಸರ್ಗಚಿತ್ರ, ಸ್ಕೆಚ್ಚುಗಳನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಟ್ಟು ಓದುವ ಅಭ್ಯಾಸವೇ ಸರಿಯಲ್ಲವೆಂದು ನನಗೆ ಅನ್ನಿಸತೊಡಗಿತು. ಸಾವಿರದ ಹತ್ತಿರ ಹತ್ತಿರ ಉಳಿದುಬಂದಿರುವ ಆ ರೇಖಾಚಿತ್ರಗಳಲ್ಲಿ ಚಕ್ರವರ್ತಿಯಿದ್ದಾನೆ, ಹುಲ್ಲಿದೆ, ಮೊಲವಿದೆ, ಆಲ್ಪ್ಸ್ ಪರ್ವತದ ಕಣಿವೆಗಳಿವೆ, ಹೆಂಡತಿ ತೂಕಡಿಸುತ್ತಿದ್ದಾಳೆ. ಇವನ್ನೆಲ್ಲ ಒಂದು ಮಾಡುವುದು ಅಂಚಿನಲ್ಲಿರುವ ಆ ಕೈಬರಹ. ನಾನು ಇದನ್ನು ಕಂಡೆ, ಇಲ್ಲಿ ಕಂಡೆ, ಈ ದಿನ ಕಂಡೆ ಎಂದು ಅವನು ಮತ್ತೆ ಮತ್ತೆ ಬರೆಯುತ್ತಾನೆ.

ಅಪ್ಪನ ಲೆಕ್ಕದ ಪುಸ್ತಕ

ಈ ರೂಢಿ ಅವನಿಗೆ ಎಲ್ಲಿಂದ ಬಂದಿತು ಎಂಬುದಕ್ಕೆ ಒಂದು ಉತ್ತರ ಅವನ ಮನೆಯಲ್ಲೇ ಇದೆ. ಅಪ್ಪ, ಅವನ ಹೆಸರೂ ಆಲ್ಬ್ರೆಕ್ಟ್, ಹಂಗೇರಿಯಿಂದ ನ್ಯೂರೆಂಬರ್ಗಿಗೆ ಬಂದು ನೆಲೆಸಿದ ಅಕ್ಕಸಾಲಿಗ. ಬಾರ್ಬರಾ ಅವನಿಗೆ 18 ಮಕ್ಕಳನ್ನು ಹೆತ್ತಳು. ಪ್ರತಿ ಮಗು ಹುಟ್ಟಿದ ದಿನ, ಗಂಟೆ, ಹೆಸರಿಡಲು ಬಂದ ಧರ್ಮಪಿತ ಯಾರು ಎಂಬುದನ್ನೆಲ್ಲ ಆ ಅಪ್ಪ ತಪ್ಪದೆ ಗುರುತು ಹಾಕಿಕೊಂಡಿದ್ದ. ಆ ಮಕ್ಕಳಲ್ಲಿ ಕೊನೆಗೆ ಉಳಿದವರು ಮೂವರು ಗಂಡುಮಕ್ಕಳು ಮಾತ್ರ. 1524ರಲ್ಲಿ ಡ್ಯೂರರ್ ಅಪ್ಪನ ಕಾಗದಗಳನ್ನು ಮುಂದಿಟ್ಟುಕೊಂಡು ಆ ಪಟ್ಟಿಯನ್ನು ತನ್ನ ಮನೆತನದ ವೃತ್ತಾಂತದೊಳಗೆ ನಕಲು ಮಾಡಿದ. ಹದಿನೈದು ಮಕ್ಕಳು ಹೋದ ಮನೆಯಲ್ಲಿ ತಾರೀಕು ಬರೆದಿಡುವುದೆಂದರೆ ಏನೆಂದು ಅವನಿಗೆ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಆ ಪಟ್ಟಿಯ ಬಹುಪಾಲು ಮಕ್ಕಳಿಗೆ ಈ ಲೋಕದಲ್ಲಿ ಉಳಿದ ಗುರುತು ಅದೊಂದು ಸಾಲು ಮಾತ್ರ.

ತಾಯಿಯ ಸಾವಿನ ಬಗ್ಗೆ ಅವನು ಬೇರೆ ಒಂದು ಕಡೆಯೂ ಬರೆದಿದ್ದಾನೆ. ಅವನ ನೆನಪಿನ ಪುಸ್ತಕದ ಒಂದೇ ಒಂದು ಹಾಳೆ ಉಳಿದಿದ್ದು, ಅದರಲ್ಲಿ ಆ ಕೊನೆಯ ಹೊತ್ತಿನ ವಿವರವಿದೆ. ಆಕೆ ಬಹಳ ಕಷ್ಟಪಟ್ಟು ಪ್ರಾಣ ಬಿಟ್ಟಳೆಂದೂ, ಏನೋ ಭಯಂಕರವಾದದ್ದು ಆಕೆಯ ಕಣ್ಣಿಗೆ ಕಂಡಿತೆಂದು ತನಗೆ ಗೊತ್ತಾಯಿತೆಂದೂ, ತನಗಾದ ದುಃಖವನ್ನು ಹೇಳಲಾರೆನೆಂದೂ ಬರೆದು, ಸತ್ತ ಮೇಲೆ ಆಕೆಯ ಮುಖ ಬದುಕಿದ್ದಾಗಿನದಕ್ಕಿಂತ ಚೆಲುವಾಗಿ ಕಂಡಿತು ಎಂದು ಸೇರಿಸುತ್ತಾನೆ. ಈ ಮಾತನ್ನು ಓದಿದ ಮೇಲೆ ಇದ್ದಿಲಿನ ಆ ಮುಖವನ್ನು ನೋಡಿದರೆ ಅದರ ಕಠೋರತೆಯ ಹಿಂದಿನ ಪ್ರೀತಿ ಎಂಥದ್ದೆಂದು ತಿಳಿಯುತ್ತದೆ. ಕಂಡದ್ದನ್ನು ಬದಲಿಸದೆ ಇಟ್ಟುಕೊಳ್ಳುವುದೇ ಅವನು ತೋರಿಸಬಲ್ಲ ಗೌರವವಾಗಿತ್ತು.

ಹದಿಮೂರರ ಹುಡುಗನಾಗಿದ್ದಾಗಲೇ ಅವನು ಕನ್ನಡಿ ನೋಡಿಕೊಂಡು, ಅಳಿಸಲಿಕ್ಕೆ ಬಾರದ ಬೆಳ್ಳಿಯ ಮೊನೆಯಿಂದ ತನ್ನನ್ನು ಬರೆದುಕೊಂಡಿದ್ದ. ಆ ಹಾಳೆ ಈಗ ವಿಯೆನ್ನಾದ ಅಲ್ಬರ್ಟೀನಾ ಸಂಗ್ರಹಾಲಯದಲ್ಲಿದೆ. ದೊಡ್ಡವನಾದ ಮೇಲೆ ಅದನ್ನು ಹುಡುಕಿ ತೆಗೆದು, 1484ರಲ್ಲಿ ಇನ್ನೂ ಮಗುವಾಗಿದ್ದಾಗ ಕನ್ನಡಿಯಿಂದ ನನ್ನನ್ನೇ ನೋಡಿ ಬರೆದದ್ದು ಎಂದು ಮೇಲೆ ಟಿಪ್ಪಣಿ ಹಾಕಿದ. ತಾಯಿಯ ಹಾಳೆಗೆ ಮಾಡಿದಂತೆ ಇಲ್ಲಿಯೂ ಹಳೆಯ ಚಿತ್ರಕ್ಕೆ ಮರಳಿ ಬಂದಿದ್ದಾನೆ. ಇಟಲಿಯ ಚಿತ್ರಕಾರ ರಫೇಲನ ಕಡೆಯಿಂದ 1515ರಲ್ಲಿ ಬಂದ ಕೆಂಪು ಸೀಮೆಸುಣ್ಣದ ಒಂದು ರೇಖಾಚಿತ್ರದ ಮೇಲೂ, ಪೋಪನ ಬಳಿ ಅಷ್ಟೊಂದು ಮನ್ನಣೆಯುಳ್ಳ ಉರ್ಬಿನೋದ ರಫೇಲ್ ತನ್ನ ಕೈಯನ್ನು ತೋರಿಸಲೆಂದು ನ್ಯೂರೆಂಬರ್ಗಿಗೆ ಕಳಿಸಿದ್ದು ಎಂದು ಬರೆದಿಟ್ಟುಕೊಂಡಿದ್ದಾನೆ.

ಮ್ಯೂನಿಕ್ಕಿನ ಕಲಾಸಂಗ್ರಹಾಲಯವಾದ ಆಲ್ಟೆ ಪಿನಾಕೊಟೆಕ್‌ನಲ್ಲಿ 1500ನೆಯ ಇಸವಿಯ ಆತ್ಮಚಿತ್ರವನ್ನು ನೋಡುವ ಅವಕಾಶ, ಮಗಳು ಆ ಊರಿನಲ್ಲಿ ಕೆಲಸದಲ್ಲಿದ್ದ ಕಾಲದಲ್ಲಿ ನನಗೆ ಒದಗಿತು. ತುಪ್ಪಳದ ಅಂಗಿಯ ಅಂಚನ್ನು ಬೆರಳಲ್ಲಿ ಹಿಡಿದು, ಕ್ರಿಸ್ತನಂತೆ ನೇರ ಎದುರಿಗೆ ಮುಖ ಮಾಡಿ ಕುಳಿತ ಆ ಚಿತ್ರ ಪುಸ್ತಕಗಳಲ್ಲಿ ಎಷ್ಟು ಸಲ ಅಚ್ಚಾಗಿದೆಯೋ ಲೆಕ್ಕವಿಲ್ಲ. ಎದುರು ನಿಂತಾಗ ನನ್ನ ಗಮನ ಹೋದದ್ದು ಚಿನ್ನದ ಬಣ್ಣದ ಅಕ್ಷರಗಳ ಮೇಲೆ. ಎಡಕ್ಕೆ ಇಸವಿ ಮತ್ತು ಅವನ ಹೆಸರಿನ ಮುದ್ರೆ, ಬಲಕ್ಕೆ ನಾನು ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್, 28ನೆಯ ವಯಸ್ಸಿನಲ್ಲಿ ನನ್ನನ್ನು ಬಣ್ಣಗಳಲ್ಲಿ ಹೀಗೆ ರೂಪಿಸಿದೆ ಎಂಬ ಲ್ಯಾಟಿನ್ ಬರಹ. ಅವು ಮೂಲೆಯಲ್ಲಿ ಎಲ್ಲೋ ಇಲ್ಲ. ಸರಿಯಾಗಿ ಕಣ್ಣುಗಳ ಎತ್ತರದಲ್ಲಿವೆ. ಅವನ ನೋಟವನ್ನು ಎದುರಿಸಿದವರು ಆ ಸಾಲುಗಳನ್ನೂ ಎದುರಿಸಲೇಬೇಕು. ಮಗಳು ಪಕ್ಕದಲ್ಲಿ ನಿಂತು, "ಅಪ್ಪಾ, ಸಹಿ ಹಾಕೋದಕ್ಕೆ ಇಷ್ಟು ಜಾಗ ಬೇಕಿತ್ತಾ?" ಎಂದು ಕೇಳಿದಳು. ಬರಿಯ ಸಹಿಯಾಗಿದ್ದರೆ ಆ ಮುದ್ರೆಯೇ ಸಾಕಾಗಿತ್ತು, ಇದು ಸಹಿಯಲ್ಲ, ಹೇಳಿಕೆ ಎಂದು ಅವಳಿಗೆ ಅಂದೆ.

ಅವನ ಮುದ್ರೆಯಂತೂ ವ್ಯಾಪಾರದ ಗುರುತಾಗಿತ್ತು. ಮರದ ಅಚ್ಚು ಮತ್ತು ತಾಮ್ರದ ತಗಡಿನ ಅಚ್ಚುಗಳಿಂದ ತೆಗೆದ ಚಿತ್ರಗಳು ಯುರೋಪಿನ ಸಂತೆಗಳಲ್ಲೆಲ್ಲ ಮಾರಾಟವಾಗುತ್ತಿದ್ದ ಕಾಲದಲ್ಲಿ, ಎ ಮತ್ತು ಡಿ ಅಕ್ಷರಗಳ ಆ ಮುದ್ರೆಯನ್ನು ಬೇರೆಯವರೂ ಕದ್ದು ಬಳಸುತ್ತಿದ್ದರು. ಆದರೆ ನಾನು ಹೇಳುತ್ತಿರುವ ಕೈಬರಹಗಳು ಹೆಚ್ಚಿನವು ಮಾರಾಟದ ಸರಕಿನ ಮೇಲೆ ಇಲ್ಲ. ಅವು ಮನೆಯಲ್ಲೇ ಉಳಿದ ಹಾಳೆಗಳ ಮೇಲಿವೆ. ಕೊಳ್ಳುವವನಿಗೆ ಅವುಗಳಿಂದ ಆಗಬೇಕಾದ್ದು ಏನೂ ಇರಲಿಲ್ಲ.

ಎಲೆಯ ತೂತು

ನಾನು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದವನು. ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವಾಗ ನಿಸರ್ಗಚಿತ್ರದ ಅಭ್ಯಾಸಕ್ಕೆಂದು ಶಾಲೆಯ ಬೇಲಿಯಿಂದ ದಾಸವಾಳದ ರೆಂಬೆ ಮುರಿದು ತಂದು ಬೆಂಚಿನ ಮೇಲೆ ಇಡುತ್ತಿದ್ದೆ. ಒಂದು ವರ್ಷ ತರಗತಿಯ ಎಲ್ಲ ಮಕ್ಕಳೂ ಐದು ಎಸಳಿನ ಅಂದವಾದ ಹೂವು, ಅಂಚು ಕತ್ತರಿಸಿದಂಥ ಹಸಿರು ಎಲೆ ಬರೆದುಕೊಟ್ಟರು. ಒಬ್ಬ ಹುಡುಗಿಯ ಹಾಳೆಯಲ್ಲಿ ಮಾತ್ರ ಎರಡು ಎಸಳು ಒಂದರ ಹಿಂದೆ ಒಂದು ಮುಚ್ಚಿಹೋಗಿದ್ದವು, ಕೆಳಗಿನ ಎಲೆಯಲ್ಲಿ ಹುಳು ತಿಂದ ತೂತು ಇತ್ತು. ಇದೇಕೆ ಹೀಗೆ ಬರೆದೆಯಮ್ಮಾ ಎಂದು ಕೇಳಿದಾಗ ಅವಳು ಹೆದರಿಕೊಂಡೇ, "ಸರ್, ನಾನು ಕೂತಿದ್ದ ಕಡೆಯಿಂದ ಹಾಗೇ ಕಾಣ್ತಿತ್ತು ಸರ್. ಎಲೇಲಿ ತೂತು ಇತ್ತಲ್ಲ ಸರ್" ಎಂದಳು. ಉಳಿದ ಮಕ್ಕಳು ತಮಗೆ ಗೊತ್ತಿದ್ದ ದಾಸವಾಳವನ್ನು ಬರೆದಿದ್ದರು. ಅವಳು ಬೆಂಚಿನ ಮೇಲಿದ್ದುದನ್ನು, ತಾನು ಕುಳಿತ ಜಾಗದಿಂದ ಕಂಡಂತೆ ಬರೆದಿದ್ದಳು.

1503ರಲ್ಲಿ ಡ್ಯೂರರ್ ಜಲವರ್ಣದಲ್ಲಿ ಬರೆದ ಹುಲ್ಲಿನ ಹೆಂಟೆಯ ಚಿತ್ರವನ್ನು ನೋಡಿದಾಗಲೆಲ್ಲ ಆ ಹುಡುಗಿ ನನಗೆ ನೆನಪಾಗುತ್ತಾಳೆ. ಸುಮಾರು 40 ಸೆಂಟಿಮೀಟರ್ ಎತ್ತರದ ಆ ಚಿತ್ರದಲ್ಲಿ ಇರುವುದು ಕಳೆ ಮಾತ್ರ. ಹಳದಿ ಹೂ ಬಿಡುವ ಡ್ಯಾಂಡೆಲಿಯನ್, ಪ್ಲಾಂಟೇನ್ ಎಂಬ ಅಗಲ ಎಲೆಯ ಕಳೆಗಿಡ, ತೆನೆ ಕಟ್ಟಿದ ಹುಲ್ಲುಗಳು, ಕೆಳಗೆ ಒದ್ದೆ ಮಣ್ಣು, ಮಣ್ಣಿನಿಂದ ಇಣುಕುವ ಬೇರು. ನಮ್ಮ ಕಣ್ಣನ್ನು ಅವನು ನೆಲದ ಮಟ್ಟಕ್ಕೆ ಇಳಿಸುತ್ತಾನೆ, ಹಾಗಾಗಿ ಹುಲ್ಲಿನ ಗರಿಗಳು ಮರಗಳಂತೆ ಮೇಲಕ್ಕೆ ನಿಲ್ಲುತ್ತವೆ. ಡ್ಯಾಂಡೆಲಿಯನ್ ಹೂಗಳು ಅರಳಿಲ್ಲ. ಅರಳಿದ ಹಳದಿಯೊಂದನ್ನು ಇಟ್ಟಿದ್ದರೆ ಚಿತ್ರಕ್ಕೆ ಸುಲಭವಾದ ಕಳೆ ಬರುತ್ತಿತ್ತು. ಅವನು ಮುಚ್ಚಿದ ಮೊಗ್ಗುಗಳನ್ನೇ ಬರೆದಿದ್ದಾನೆ. ಗರಿಗಳು ಒಂದನ್ನೊಂದು ಅಡ್ಡಹಾಯುತ್ತವೆ, ಒಂದು ಗಿಡ ಇನ್ನೊಂದನ್ನು ಮರೆಮಾಡುತ್ತದೆ, ಯಾವ ಸಸ್ಯಕ್ಕೂ ಇಲ್ಲಿ ಮುಖ್ಯ ಸ್ಥಾನವಿಲ್ಲ. ಗಿಡಮೂಲಿಕೆಯ ಪುಸ್ತಕಕ್ಕೆ ಬರೆಯುವವನಾಗಿದ್ದರೆ ಪ್ರತಿ ಗಿಡವನ್ನೂ ಬೇರೆ ಮಾಡಿ, ಬಿಡಿಸಿ ತೋರಿಸುತ್ತಿದ್ದ. ಹುಲ್ಲಿನ ಈ ಹೆಂಟೆಗೆ ಅವನು ತಾಯಿಯ ಮುಖಕ್ಕೆ ಕೊಟ್ಟಷ್ಟೇ ಗಮನ ಕೊಟ್ಟ ಎಂದರೆ ತಾಯಿಯನ್ನು ಕೆಳಗಿಳಿಸಿದಂತಾಗದು, ಅವನ ಗಮನಕ್ಕೆ ಮೇಲುಕೀಳು ಇರಲಿಲ್ಲ ಎಂದಷ್ಟೇ ನನ್ನ ಮಾತಿನ ಅರ್ಥ. ಒಂದು ವರ್ಷ ಮೊದಲು, 1502ರಲ್ಲಿ ಬರೆದ ಮೊಲ ಇದಕ್ಕಿಂತ ಹೆಚ್ಚು ಹೆಸರು ಮಾಡಿದೆ. ಅದರ ರೋಮ ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಹೊರಳುವುದೂ, ಕಣ್ಣಿನೊಳಗೆ ಕಿಟಕಿಯ ಬೆಳಕು ಕಾಣುವುದೂ ಬೆರಗು ಹುಟ್ಟಿಸುತ್ತವೆ. ಬೆಳಕಿಗೆ ಬಣ್ಣ ಮಾಸುತ್ತದೆಂದು ಅಲ್ಬರ್ಟೀನಾದವರು ಮೂಲವನ್ನು ಅಪರೂಪಕ್ಕೆ ಮಾತ್ರ ಹೊರಗೆ ತೆಗೆಯುತ್ತಾರೆ. ನನಗಂತೂ ಹುಲ್ಲೇ ಹೆಚ್ಚು.

ನಿಸರ್ಗಚಿತ್ರಗಳಲ್ಲಿ ಈ ಗುಣ ಇನ್ನೊಂದು ರೀತಿಯಲ್ಲಿ ಕಾಣಿಸುತ್ತದೆ. 1494ರ ಬೇಸಿಗೆಯಲ್ಲಿ ಆಗ್ನೆಸ್ ಎಂಬವಳನ್ನು ಮದುವೆಯಾದ ಡ್ಯೂರರ್ ಅದೇ ವರ್ಷ ಆಲ್ಪ್ಸ್ ದಾಟಿ ಇಟಲಿಯ ಕಡೆಗೆ ಹೊರಟ. ಹೋಗಿಬರುವ ದಾರಿಯಲ್ಲಿ ಇನ್ಸ್‌ಬ್ರುಕ್ ಪಟ್ಟಣ ನದಿಯ ನೀರಿನಲ್ಲಿ ಪ್ರತಿಫಲಿಸುವುದನ್ನು, ಆರ್ಕೋ ಎಂಬ ಊರಿನ ಬಂಡೆಯ ಮೇಲಿನ ಕೋಟೆಯನ್ನು ಜಲವರ್ಣದಲ್ಲಿ ಬರೆದ. ಆ ಕಾಲದ ಯುರೋಪಿನಲ್ಲಿ ಬೆಟ್ಟ, ನದಿ, ಊರುಗಳೆಲ್ಲ ಸಂತರ ಹಿಂದೆ ಕಾಣುವ ಹಿನ್ನೆಲೆಯಾಗಿದ್ದವು. ಡ್ಯೂರರನ ಈ ಹಾಳೆಗಳಲ್ಲಿ ಸಂತರಿಲ್ಲ, ಕಥೆಯಿಲ್ಲ. ಊರೊಂದು ಅಲ್ಲಿ ಇದೆ, ಅಷ್ಟೇ. ಆಕ್ಸ್‌ಫರ್ಡಿನ ಸಂಗ್ರಹಾಲಯವಾದ ಆಶ್ಮೋಲಿಯನ್‌ನಲ್ಲಿರುವ ಇಟಲಿಯ ಬೆಟ್ಟದ ಚಿತ್ರದಲ್ಲಿ ನಡುವಿನ ಇಳಿಜಾರನ್ನು ಮಾತ್ರ ಸೂಕ್ಷ್ಮವಾಗಿ ತುಂಬಿ, ಮುಂಭಾಗವನ್ನು ಒಂದೆರಡು ತೆಳು ಬಣ್ಣದ ಬಳಿತಗಳಿಗೆ ಬಿಟ್ಟಿದ್ದಾನೆ. ಮನೆಗೆ ಬಂದ ಮೇಲೆ ಆ ಮುಂಭಾಗವನ್ನು ಊಹೆಯಿಂದ ತುಂಬಿಸುವುದು ಅವನಂಥ ಕುಶಲಿಗೆ ದೊಡ್ಡ ಕೆಲಸವಾಗಿರಲಿಲ್ಲ. ತುಂಬಿಸಲಿಲ್ಲ.

ನ್ಯೂರೆಂಬರ್ಗಿನ ಹತ್ತಿರದ ಕೆರೆಯೊಂದರ ನಡುವಿನ ಪುಟ್ಟ ಮನೆಯ ಜಲವರ್ಣ ಚಿತ್ರ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದೇ ಮನೆಯನ್ನು ಮುಂದೆ ಅವನು ಕ್ರಿಸ್ತನ ತಾಯಿ ಮೇರಿ ಮತ್ತು ಕೋತಿ ಇರುವ ಒಂದು ತಾಮ್ರದ ಅಚ್ಚಿನ ಹಿನ್ನೆಲೆಗೆ ಬಳಸಿಕೊಂಡ. ಆಗ ಅಲ್ಲಿ ಸಂಜೆಯ ಬಣ್ಣ, ನೀರಿನ ನಿಶ್ಚಲತೆ ಉಳಿಯಲಿಲ್ಲ. ಅಚ್ಚಿಗೆ ಬೇಕಾದದ್ದು ಹಿನ್ನೆಲೆ ಮಾತ್ರವಾದ್ದರಿಂದ ಅದು ಸಹಜವೇ.

ಚಕ್ರವರ್ತಿ, ಮುದುಕ, ಕ್ಯಾಥರಿನಾ

1518ರಲ್ಲಿ ಆಗ್ಸ್‌ಬರ್ಗಿನಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಅವನ ಮುಂದೆ ಕುಳಿತ. ಆ ಇದ್ದಿಲಿನ ಚಿತ್ರದ ಮೇಲೆ, ಇವನು ಚಕ್ರವರ್ತಿ ಮ್ಯಾಕ್ಸಿಮಿಲಿಯನ್, ಆಗ್ಸ್‌ಬರ್ಗಿನ ಅರಮನೆಯ ಮೇಲ್ಗಡೆ ಅವನ ಪುಟ್ಟ ಕೋಣೆಯಲ್ಲಿ ನಾನು ಬರೆದದ್ದು ಎಂದು, ವಾರ ಮತ್ತು ಹಬ್ಬದ ಸಮೇತ ಡ್ಯೂರರ್ ಬರೆದಿದ್ದಾನೆ. ಆ ಪುಟ್ಟ ಕೋಣೆಯ ಮಾತು ನನಗೆ ಬಹಳ ಇಷ್ಟ. ಸಾಮ್ರಾಜ್ಯದ ಬಗ್ಗೆ ಒಂದಕ್ಷರವೂ ಇಲ್ಲದೆ, ಎಲ್ಲಿ ಕುಳಿತಿದ್ದೆವು ಎಂಬುದು ಮಾತ್ರ ದಾಖಲಾಗಿದೆ. 1519ರ ಆರಂಭದಲ್ಲಿ ಚಕ್ರವರ್ತಿ ತೀರಿಕೊಂಡ. ಬಣ್ಣದ ದೊಡ್ಡ ಭಾವಚಿತ್ರಗಳು ಆ ಮೇಲೆ ಈ ಹಾಳೆಯಿಂದ ಸಿದ್ಧವಾದವು. ಬಿರುದುಗಳ ಉದ್ದ ಪಟ್ಟಿ ಅವುಗಳ ಮೇಲೆ ಬಂದಿತು, ಕೋಣೆ ಮಾಯವಾಯಿತು.

ಮ್ಯಾಕ್ಸಿಮಿಲಿಯನ್ ಗೊತ್ತುಮಾಡಿದ್ದ ವರ್ಷಕ್ಕೆ 100 ಫ್ಲೋರಿನ್‌ಗಳ ವರ್ಷಾಶನವನ್ನು ಹೊಸ ಚಕ್ರವರ್ತಿ ಐದನೆಯ ಚಾರ್ಲ್ಸನಿಂದ ಮುಂದುವರಿಸಿಕೊಳ್ಳಲೆಂದು 1520ರ ಜುಲೈನಲ್ಲಿ ಡ್ಯೂರರ್, ಆಗ್ನೆಸ್ ಮತ್ತು ಅವರ ಕೆಲಸದ ಹುಡುಗಿ ಸುಸಾನಾ ನೆದರ್ಲೆಂಡ್ಸ್ ಕಡೆಗೆ ಹೊರಟರು. ಒಂದು ವರ್ಷದ ಆ ಪ್ರವಾಸದ ದಿನಚರಿಯಲ್ಲಿ ಊಟದ ಖರ್ಚು, ಜೂಜಿನಲ್ಲಿ ಹೋದ ಚಿಲ್ಲರೆ, ಯಾರಿಗೆ ಯಾವ ಅಚ್ಚು ಕೊಟ್ಟೆ ಎಂಬುದೆಲ್ಲ ಇದೆ. ಬ್ರಸೆಲ್ಸಿನಲ್ಲಿ ಮೆಕ್ಸಿಕೋದಿಂದ ಬಂದ ಚಿನ್ನದ ಸೂರ್ಯ, ಬೆಳ್ಳಿಯ ಚಂದ್ರರನ್ನು ನೋಡಿ, ಹುಟ್ಟಿದಂದಿನಿಂದ ನನ್ನ ಮನಸ್ಸಿಗೆ ಇಷ್ಟು ಸಂತೋಷ ಕೊಟ್ಟದ್ದನ್ನು ಬೇರೆ ನೋಡಿಲ್ಲ ಎಂದು ಬರೆದುಕೊಳ್ಳುತ್ತಾನೆ. ಆಂಟ್ವರ್ಪಿನಲ್ಲಿದ್ದ ಪೋರ್ಚುಗಲ್ ವ್ಯಾಪಾರ ಪ್ರತಿನಿಧಿಗಳ ಸ್ನೇಹದಿಂದ ಅವನಿಗೆ ಕಲ್ಲಿಕೋಟೆಯ ಹೆಸರಿನ ಬಟ್ಟೆಗಳೂ, ತೆಂಗಿನಕಾಯಿಗಳೂ ಉಡುಗೊರೆಯಾಗಿ ಬಂದವು. ನಮ್ಮ ಕರಾವಳಿಯ ಹಿತ್ತಲಲ್ಲಿ ಬಿದ್ದು ಉರುಳುವ ಕಾಯಿಯನ್ನು ಅವನು ದಿನಚರಿಯಲ್ಲಿ ಎಣಿಸಿ ಬರೆದಿರುವುದನ್ನು ಓದುವಾಗ, ಆ ಕಾಲದ ಹಡಗುಗಳು ಎಷ್ಟು ದೂರವನ್ನು ಎಷ್ಟು ಬೇಗ ಕಟ್ಟಿಹಾಕಿದ್ದವು ಎಂಬುದು ಮನಸ್ಸಿಗೆ ತಟ್ಟುತ್ತದೆ.

ಆ ವ್ಯಾಪಾರ ಪ್ರತಿನಿಧಿಗಳಲ್ಲಿ ಒಬ್ಬನಾದ ಜೊವಾವ್ ಬ್ರಾಂಡಾವ್‌ನ ಮನೆಯಲ್ಲಿ ಕ್ಯಾಥರಿನಾ ಎಂಬ ಆಫ್ರಿಕನ್ ಮೂಲದ ಹೆಣ್ಣುಮಗಳು ಸೇವೆಗಿದ್ದಳು. 1521ರಲ್ಲಿ ಡ್ಯೂರರ್ ಬೆಳ್ಳಿಯ ಮೊನೆಯಿಂದ ಅವಳನ್ನು ಬರೆದ. ಈಗ ಫ್ಲಾರೆನ್ಸಿನ ಉಫಿಜಿ ಸಂಗ್ರಹಾಲಯದಲ್ಲಿರುವ ಆ ಹಾಳೆಯಲ್ಲಿ ಅವಳು ಕಣ್ಣನ್ನು ಕೆಳಗೆ ಇಳಿಸಿದ್ದಾಳೆ, ತಲೆಯ ಮೇಲೆ ಬಿಗಿಯಾಗಿ ಕಟ್ಟಿದ ಬಟ್ಟೆಯಿದೆ. ಮೇಲೆ ಅವಳ ಹೆಸರು, ವಯಸ್ಸು 20 ಎಂಬ ಬರಹ. ಅವಳ ಇಷ್ಟವನ್ನು ಯಾರಾದರೂ ಕೇಳಿದ್ದರೆಂದು ನನಗೆ ಅನ್ನಿಸುವುದಿಲ್ಲ, ಆ ಇಳಿದ ಕಣ್ಣುಗಳು ಸುಖದ ಕಣ್ಣುಗಳಲ್ಲ. ಆದರೂ ಅವಳಂಥವರು ಹೆಸರಿಲ್ಲದೆ ಕಳೆದುಹೋದ ಆ ಕಾಲದಲ್ಲಿ, ಚಕ್ರವರ್ತಿಗೆ ಬರೆದಂತೆಯೇ ಅವಳಿಗೂ ಹೆಸರು, ಇಸವಿ, ವಯಸ್ಸು ಬರೆದ ಕೈಗೆ ನಾನು ಋಣಿ. ಆಂಟ್ವರ್ಪಿನಲ್ಲೇ ಬರೆದ ಗಡ್ಡದ ಮುದುಕನ ಚಿತ್ರದ ಮೇಲೆ, ಇವನಿಗೆ 93 ವರ್ಷ, ಇನ್ನೂ ಆರೋಗ್ಯವಾಗಿ ಗಟ್ಟಿಯಾಗಿದ್ದಾನೆ ಎಂಬ ಟಿಪ್ಪಣಿಯಿದೆ. ಆ ಮುದುಕನನ್ನು ನೋಡಿ ಬರೆದ ಸಂತ ಜೆರೋಮನ ವರ್ಣಚಿತ್ರ ಲಿಸ್ಬನ್ನಿನಲ್ಲಿದೆ. ಸಂತನಾದ ಮೇಲೆ ಅವನ 93 ವರ್ಷ ಯಾರಿಗೂ ಬೇಕಾಗಲಿಲ್ಲ.

ಕಾಣದೆ ಬರೆದದ್ದು

ಇಷ್ಟೆಲ್ಲ ಹೇಳಿದ ಮೇಲೆ ಘೇಂಡಾಮೃಗದ ಮಾತು ಬರಲೇಬೇಕು, ಏಕೆಂದರೆ ಡ್ಯೂರರ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅದೇ. ಬಿಜಾಪುರದ ಆದಿಲ್ ಶಾಹಿಗಳಿಂದ ಗೋವೆಯನ್ನು 1510ರಲ್ಲಿ ಕಿತ್ತುಕೊಂಡ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನಿಗೆ ಗುಜರಾತಿನ ಸುಲ್ತಾನ ಎರಡನೆಯ ಮುಜಫರ್ ಶಾ ಒಂದು ಘೇಂಡಾಮೃಗವನ್ನು ಕಾಣಿಕೆಯಾಗಿ ಕೊಟ್ಟ. ಅದನ್ನು 1515ರ ಜನವರಿಯಲ್ಲಿ ಗೋವೆಯಿಂದ ಹಡಗು ಹತ್ತಿಸಲಾಯಿತು, ಮೇ 20ರಂದು ಅದು ಲಿಸ್ಬನ್ ಮುಟ್ಟಿತು. ಪ್ರಾಣಿಯ ವಿವರವೂ ಒಂದು ಸ್ಕೆಚ್ಚೂ ನ್ಯೂರೆಂಬರ್ಗಿಗೆ ತಲುಪಿ, ಅವುಗಳ ಆಧಾರದ ಮೇಲೆ ಡ್ಯೂರರ್ ಮೊದಲು ಶಾಯಿಯ ಚಿತ್ರವನ್ನೂ ಆಮೇಲೆ ಮರದ ಅಚ್ಚನ್ನೂ ಮಾಡಿದ. ಮೈಸೂರಿನ ಮೃಗಾಲಯದಲ್ಲಿ ಒಂಟಿಕೊಂಬಿನ ಈ ಪ್ರಾಣಿಯನ್ನು ಕಂಡವರಿಗೆ ಅಚ್ಚಿನ ತಪ್ಪುಗಳು ಕೂಡಲೇ ತಿಳಿಯುತ್ತವೆ. ಚರ್ಮದ ಮಡಿಕೆಗಳು ಜೋಡಿಸಿದ ಲೋಹದ ತಗಡುಗಳಾಗಿವೆ, ಕಾಲುಗಳಿಗೆ ಹುರುಪೆಗಳಿವೆ, ಭುಜದ ಮೇಲೆ ಇಲ್ಲದ ಇನ್ನೊಂದು ಪುಟ್ಟ ಕೊಂಬು ಮೂಡಿದೆ. ನ್ಯೂರೆಂಬರ್ಗ್ ಯುದ್ಧಕವಚ ತಯಾರಿಸುವ ಕಮ್ಮಾರರಿಗೆ ಹೆಸರಾದ ಊರು. ಕಣ್ಣಿಗೆ ಸಿಗದ ಜಾಗವನ್ನು ಅವನ ಕೈ ತನಗೆ ಗೊತ್ತಿದ್ದ ವಸ್ತುವಿನಿಂದ ತುಂಬಿಸಿತು.

ಅಚ್ಚಿನ ಮೇಲಿರುವ ಬರಹವನ್ನು ಗಮನಿಸಿ ಓದಬೇಕು. ಅದು ಕೈಬರಹವಲ್ಲ, ಅಚ್ಚಿನ ಮೊಳೆಗಳಲ್ಲಿ ಜೋಡಿಸಿದ ಮುದ್ರಣ. ಇಂಥ ಪ್ರಾಣಿಯನ್ನು ಭಾರತದಿಂದ ಪೋರ್ಚುಗಲ್ಲಿನ ದೊರೆಯ ಬಳಿಗೆ ತಂದರು, ಅದರ ಬಣ್ಣ ಚುಕ್ಕೆಯ ಆಮೆಯದು ಎಂದೆಲ್ಲ ಹೇಳುವ ಆ ಸಾಲುಗಳಲ್ಲಿ ವರ್ಷವೇ ತಪ್ಪಾಗಿ 1513 ಎಂದಿದೆ. ನಾನು ನೋಡಿದೆ ಎಂಬ ಮಾತು ಎಲ್ಲಿಯೂ ಇಲ್ಲ. ಅವನು ಆ ಮಾತನ್ನು ಬಳಸಿಲ್ಲವೆಂಬುದು ನನ್ನ ಕಣ್ಣಿಗೆ ಅವನ ಪ್ರಾಮಾಣಿಕತೆಯ ಗುರುತು. ಪಾಪದ ಆ ಪ್ರಾಣಿ ಪೋಪನಿಗೆ ಉಡುಗೊರೆಯಾಗಿ ಹೋಗುತ್ತಾ 1516ರಲ್ಲಿ ಇಟಲಿಯ ಕರಾವಳಿಯಲ್ಲಿ ಹಡಗಿನ ಸಮೇತ ಮುಳುಗಿತು. ಅಚ್ಚು ಮಾತ್ರ ಎರಡು ಶತಮಾನಗಳಿಗೂ ಹೆಚ್ಚು ಕಾಲ ಯುರೋಪಿಗೆ ಘೇಂಡಾಮೃಗವೆಂದರೆ ಹೀಗೆ ಎಂದು ಕಲಿಸಿತು.

ಆ ಅಚ್ಚು ಮಾಡಿದ ಐದು ವರ್ಷಕ್ಕೆ, 1520ರ ಚಳಿಗಾಲದಲ್ಲಿ, ನೆದರ್ಲೆಂಡ್ಸಿನ ಝೀಲ್ಯಾಂಡಿನ ದಡಕ್ಕೆ ಬಂದು ಬಿದ್ದ ಭಾರಿ ತಿಮಿಂಗಿಲವನ್ನು ನೋಡಲೆಂದು ಅವನು ಆಂಟ್ವರ್ಪಿನಿಂದ ಹೊರಟ. ದಾರಿಯಲ್ಲಿ ದೋಣಿ ಅಪಾಯಕ್ಕೆ ಸಿಕ್ಕಿ ಜೀವ ಉಳಿದದ್ದೇ ಹೆಚ್ಚು. ಅಷ್ಟು ಕಷ್ಟಪಟ್ಟು ಹೋದರೆ, ಉಬ್ಬರದ ನೀರು ತಿಮಿಂಗಿಲವನ್ನು ಮತ್ತೆ ಸಮುದ್ರಕ್ಕೆ ಒಯ್ದಿತ್ತು. ಆ ಪ್ರದೇಶದಲ್ಲಿ ಹತ್ತಿದ ಜ್ವರ ಅವನನ್ನು ಮುಂದೆಯೂ ಬಿಡಲಿಲ್ಲ. ನೋಡಿದವರು ಊರಲ್ಲಿ ಬೇಕಾದಷ್ಟು ಜನ ಇದ್ದಿರಬೇಕು, ಕೇಳಿ ಬರೆಯುವುದು ಕಷ್ಟವಾಗಿರಲಿಲ್ಲ, ತಿಮಿಂಗಿಲದ ಅಚ್ಚಿಗೆ ಗಿರಾಕಿಗಳೂ ಸಿಗುತ್ತಿದ್ದರು. ಆದರೆ ಡ್ಯೂರರನ ತಿಮಿಂಗಿಲ ಎಂಬ ಚಿತ್ರ ನಮಗೆ ಉಳಿದಿಲ್ಲ. 1521ರ ಒಂದು ಹಾಳೆಯಲ್ಲಿ ವಾಲ್ರಸ್ ಎಂಬ ಕೋರೆಹಲ್ಲಿನ ಕಡಲಪ್ರಾಣಿಯ ತಲೆಯೊಂದಿದೆ. ನಾನು ಯಾವುದರ ತಲೆಯನ್ನು ಇಲ್ಲಿ ಬರೆದಿರುವೆನೋ ಆ ಪ್ರಾಣಿ ನೆದರ್ಲೆಂಡ್ಸ್ ಸಮುದ್ರದಲ್ಲಿ ಸಿಕ್ಕಿತು, ಬ್ರಾಬಂಟ್ ಸೀಮೆಯ ಅಳತೆಯಲ್ಲಿ 12 ಮೊಳ ಉದ್ದವಿತ್ತು, ನಾಲ್ಕು ಕಾಲುಗಳಿದ್ದವು ಎಂದು ಪಕ್ಕದಲ್ಲಿ ಬರೆದಿದ್ದಾನೆ. ಬರೆದದ್ದು ತಲೆ ಮಾತ್ರ, ಉಳಿದದ್ದು ಮಾತಿನಲ್ಲಿ. ಘೇಂಡಾಮೃಗವನ್ನು ಅಚ್ಚು ಹಾಕುವ ಪ್ರತಿ ಪುಸ್ತಕವೂ ಅದರ ಎದುರು ಪುಟದಲ್ಲಿ ಈ ವಾಲ್ರಸ್ಸನ್ನು ಹಾಕಬೇಕೆಂದು ನನಗೆ ಆಸೆ.

ಕೊನೆಯದಾಗಿ ಒಂದು ಹಾಳೆ ಉಳಿಯುತ್ತದೆ, ಅದು ಕಂಡು ಬರೆದದ್ದು, ಕಾಣದೆ ಬರೆದದ್ದು ಎಂಬ ಮೇಲಿನ ಎರಡು ಗುಂಪಿಗೂ ಸೇರುವುದಿಲ್ಲ. 1525ರ ಜೂನ್ ತಿಂಗಳ ಒಂದು ರಾತ್ರಿ ಡ್ಯೂರರ್ ಕನಸು ಕಂಡ, ಆಕಾಶದಿಂದ ನೀರಿನ ಭಾರಿ ಧಾರೆಗಳು ನೆಲಕ್ಕೆ ಬೀಳುತ್ತಿದ್ದವು. ಬೆಳಗ್ಗೆ ಎದ್ದವನೇ ಅದನ್ನು ಜಲವರ್ಣದಲ್ಲಿ ಬರೆದ. ವಿಯೆನ್ನಾದಲ್ಲಿರುವ ಆ ಹಾಳೆಯ ಮೇಲರ್ಧದಲ್ಲಿ ಚಿತ್ರವಿದೆ, ಕೆಳಗೆಲ್ಲ ಬರಹ. ಬಯಲಿನ ನಡುವೆ ನೀಲಿಯ ಒಂದು ಕಂಬ ನೆಲಕ್ಕೆ ಅಪ್ಪಳಿಸಿದೆ, ಸುತ್ತ ಇನ್ನೂ ಬೀಳುತ್ತಿರುವ ಧಾರೆಗಳು ಮಸುಕಾಗಿ ತೂಗುತ್ತಿವೆ. ಲೋಕದಲ್ಲಿ ನಡೆಯದ ಸಂಗತಿ ಇದು, ಆದರೆ ಕಂಡವನು ಅವನೇ, ಹಾಗಾಗಿ ಘೇಂಡಾಮೃಗದಲ್ಲಿ ಇಲ್ಲದ ಆ ‘ನಾನು’ ಇಲ್ಲಿ ಪೂರ್ತಿಯಾಗಿ ಬಂದಿದ್ದಾನೆ. ಯಾವ ವಾರದ ರಾತ್ರಿ ಎಂಬುದನ್ನು ಹೇಳುತ್ತಾನೆ, ಎಚ್ಚರವಾದಾಗ ಮೈಯೆಲ್ಲ ನಡುಗುತ್ತಿತ್ತು ಎನ್ನುತ್ತಾನೆ, ಬೆಳಗ್ಗೆ ಎದ್ದು ಕಂಡಂತೆಯೇ ಮೇಲೆ ಬರೆದೆ ಎನ್ನುತ್ತಾನೆ. ಅಷ್ಟು ಹೆದರಿದ ಸ್ಥಿತಿಯಲ್ಲೂ, ಮೊದಲ ಧಾರೆ ನೆಲಕ್ಕೆ ಬಿದ್ದದ್ದು ತನ್ನಿಂದ ಸುಮಾರು ನಾಲ್ಕು ಮೈಲಿ ದೂರದಲ್ಲಿ ಎಂಬುದನ್ನು ಸೇರಿಸಲು ಅವನು ಮರೆತಿಲ್ಲ.